ದಯವಿಟ್ಟು ಚೊಕ್ಕಟ ಮಾಡಬೇಡಿ: ಆರ್ಕಿಟೆಕ್ಟರ ಕಾಗದಪತ್ರ ಮತ್ತು ಗ್ರಂಥಾಲಯ

ಗ್ರಂಥಾಲಯದಲ್ಲಿ ಆರ್ಕಿಟೆಕ್ಟರ ಕಾಗದಪತ್ರ ನೋಡಿಕೊಳ್ಳುವ ನನಗೆ ಬರುವ ಫೋನುಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. ‘ಮೇಡಂ, ನಮ್ಮ ತಂದೆ ಆರ್ಕಿಟೆಕ್ಟ್ ಆಗಿದ್ದರು. ಹೋಗಿ ಆರು ತಿಂಗಳಾಯಿತು. ಅವರ ಆಫೀಸು ಖಾಲಿ ಮಾಡ್ತಾ ಇದ್ದೀವಿ. ಒಳ್ಳೊಳ್ಳೇ ಡ್ರಾಯಿಂಗ್ ಎಲ್ಲ ಆರಿಸಿ ಬೇರೆ ಇಟ್ಟಿದ್ದೀವಿ, ಬಂದು ನೋಡ್ತೀರಾ?’ ನಾನು ಕೇಳುವುದೂ ಪ್ರತಿ ಸಲ ಒಂದೇ. ‘ಉಳಿದದ್ದು ಎಲ್ಲಿದೆ?’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಅದು ಬರೀ ಕಸ ಮೇಡಂ. ಹಳೇ ಬಿಲ್ಲು, ಹರಿದ ಟ್ರೇಸಿಂಗ್ ಪೇಪರು, ಏನೇನೋ ಚೀಟಿ. ನಿನ್ನೆ ರದ್ದಿಗೆ ಹಾಕಿಬಿಟ್ವಿ.’

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಕಸದ ಬಗ್ಗೆ.

ಆರಿಸಿಟ್ಟ ಡ್ರಾಯಿಂಗ್ ಎಂಥದ್ದಿರುತ್ತೆ ಅಂತ ನಿಮಗೆ ಗೊತ್ತು. ಬಣ್ಣ ಹಚ್ಚಿದ್ದು, ಮುಂದೆ ಮರ ಬಿಡಿಸಿದ್ದು, ಕಟ್ಟಿಸುವವರನ್ನು ಒಪ್ಪಿಸಲು ಮಾಡಿದ್ದು. ಫ್ರೇಮ್ ಹಾಕಿಸಿದರೆ ಗೋಡೆಗೆ ಲಕ್ಷಣ. ಬೇಡ ಅನ್ನುತ್ತಿಲ್ಲ, ಅದೂ ಬೇಕು. ಆದರೆ ಅದರಿಂದ ಗೊತ್ತಾಗುವುದು ಆ ಮನುಷ್ಯ ತನ್ನ ಕೆಲಸವನ್ನು ಜನರಿಗೆ ಹೇಗೆ ತೋರಿಸಲು ಬಯಸಿದ ಅನ್ನುವುದಷ್ಟೇ. ಮೆಟ್ಟಿಲು ಮೊದಲು ಎಡಕ್ಕಿತ್ತು, ಆಮೇಲೆ ಯಾಕೆ ಬಲಕ್ಕೆ ಹೋಯಿತು? ಅದು ಆ ಡ್ರಾಯಿಂಗ್‌ನಲ್ಲಿ ಸಿಗುವುದಿಲ್ಲ. ಅದು ಸಿಗುವುದು ಕಟ್ಟಿಸಿದವರು ಬರೆದ ಒಂದು ಕಾಗದದಲ್ಲಿ. ‘ನಮ್ಮ ತಾಯಿಗೆ ಮಂಡಿನೋವು, ಅವರ ಕೋಣೆ ಬಾಗಿಲಿನಿಂದ ಮೆಟ್ಟಿಲು ದೂರ ಆಗುತ್ತೆ’ ಅಂತ. ರದ್ದಿಗೆ ಹೋಗಿದ್ದು ಅದೇ ಕಾಗದ.

ಹಳೆಯ ಒಂದು ಕತೆಯಿಂದ ಶುರು ಮಾಡ್ತೀನಿ. ಜರ್ಮನಿಯ ಕಲೋನ್ ಊರಿನ ದೊಡ್ಡ ಚರ್ಚನ್ನು ಫೋಟೋದಲ್ಲಾದರೂ ನೋಡಿರುತ್ತೀರಿ. ಎರಡು ಚೂಪು ಗೋಪುರ, ಸುಮಾರು 157 ಮೀಟರ್ ಎತ್ತರ. ಕೆಲಸ ಶುರುವಾದದ್ದು 1248ರಲ್ಲಿ. 16ನೇ ಶತಮಾನದಲ್ಲಿ ನಿಂತುಹೋಯಿತು. ಮುಗಿಯದ ಗೋಪುರದ ತಲೆಯ ಮೇಲೆ ಕಲ್ಲೆತ್ತುವ ಮರದ ಕ್ರೇನು ನೂರಾರು ವರ್ಷ ಹಾಗೇ ನಿಂತಿತ್ತು. ಮುಂಭಾಗದ ಮೂಲ ನಕ್ಷೆ ಚರ್ಮದ ಹಾಳೆಯ ಮೇಲೆ ಬರೆದದ್ದು, ನಾಲ್ಕು ಮೀಟರಿಗೂ ಜಾಸ್ತಿ ಉದ್ದ. ಫ್ರೆಂಚರು ಊರು ಹಿಡಿದ ಗದ್ದಲದಲ್ಲಿ ಅದು ಕಣ್ಮರೆಯಾಯಿತು. 1814ರಲ್ಲಿ ಅದರ ಅರ್ಧ ಡಾರ್ಮ್‌ಸ್ಟಾಟ್ ಊರಿನ ಒಂದು ವಸತಿಗೃಹದ ಅಟ್ಟದಲ್ಲಿ ಸಿಕ್ಕಿತು. ಅದರ ಮೇಲೆ ಕಾಳು ಒಣಹಾಕುತ್ತಿದ್ದರಂತೆ. ಇನ್ನರ್ಧ ಸ್ವಲ್ಪ ಕಾಲದ ಮೇಲೆ ಪ್ಯಾರಿಸ್‌ನಲ್ಲಿ ಸಿಕ್ಕಿತು. ಎರಡನ್ನೂ ಜೋಡಿಸಿದರು. 1842ರಲ್ಲಿ ಕೆಲಸ ಮತ್ತೆ ಶುರುವಾಗಿ 1880ರಲ್ಲಿ ಚರ್ಚು ಮುಗಿಯಿತು. ಆ ನಕ್ಷೆ ಸಿಗದೆ ಇದ್ದಿದ್ದರೂ ಏನೋ ಒಂದು ಕಟ್ಟುತ್ತಿದ್ದರು ಬಿಡಿ. ಆದರೆ ಅದು ಬೇರೆ ಚರ್ಚಾಗುತ್ತಿತ್ತು.

ಸ್ವಿಟ್ಜರ್ಲೆಂಡ್‌ನ ಸೇಂಟ್ ಗಾಲ್ ಮಠದ ಗ್ರಂಥಾಲಯದಲ್ಲಿ ಇದಕ್ಕಿಂತ ಹಳೆಯದೊಂದು ಇದೆ. 9ನೇ ಶತಮಾನದ್ದು. ಐದು ಚರ್ಮದ ಹಾಳೆ ಸೇರಿಸಿ ಹೊಲಿದು, ಕೆಂಪು ಮಸಿಯಲ್ಲಿ ಒಂದಿಡೀ ಮಠದ ನಕ್ಷೆ ಬರೆದಿದ್ದಾರೆ. ಚರ್ಚು, ಅಡುಗೆಮನೆ, ಆಸ್ಪತ್ರೆ, ತೋಟ, ಕೋಳಿಗೂಡು, ಎಲ್ಲ ಇದೆ. ಇದು ಹೇಗೆ ಉಳಿಯಿತು ಗೊತ್ತಾ? 12ನೇ ಶತಮಾನದಲ್ಲಿ ಒಬ್ಬ ಸನ್ಯಾಸಿಗೆ ಬರೆಯಲು ಹಾಳೆ ಬೇಕಿತ್ತು. ಇದರ ಬೆನ್ನು ಖಾಲಿ ಇತ್ತು. ಅಲ್ಲಿ ಸಂತ ಮಾರ್ಟಿನ್‌ನ ಜೀವನಚರಿತ್ರೆ ಬರೆದು, ಪುಸ್ತಕದ ಹಾಗೆ ಮಡಚಿಟ್ಟ. ಕೊನೆಗೆ ಜಾಗ ಸಾಲಲಿಲ್ಲ. ಹಾಳೆ ತಿರುಗಿಸಿ ನಕ್ಷೆಯ ಮೂಲೆಯಲ್ಲಿದ್ದ ಒಂದು ಕಟ್ಟಡವನ್ನೇ ಕೆರೆದು ಅಳಿಸಿ, ಅಲ್ಲಿ ಕತೆ ಮುಗಿಸಿದ. ಆ ಕಟ್ಟಡ ಯಾವುದು ಅಂತ ವಿದ್ವಾಂಸರು ಇನ್ನೂ ತಲೆ ಕೆಡಿಸಿಕೊಳ್ಳುತ್ತಾರೆ. ಆ ಪುಣ್ಯಾತ್ಮನನ್ನು ಬೈಯಬೇಕೋ ಕೈ ಮುಗಿಯಬೇಕೋ ನನಗೆ ಗೊತ್ತಾಗುವುದಿಲ್ಲ. ಅವನಿಗೆ ಬೇಕಾಗಿದ್ದು ಸಂತನ ಕತೆ. ನಮಗೆ ಉಳಿದದ್ದು ನಕ್ಷೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಇದನ್ನು ಹೇಳದೆ ಇರೋದಕ್ಕೆ ಆಗೋದಿಲ್ಲ. ಅದೇ ಕಲೋನ್ ಊರಿನಲ್ಲಿ 2009ರ ಮಾರ್ಚ್ 3ರಂದು ನಗರದ ಇತಿಹಾಸ ದಾಖಲೆಗಳ ಕಟ್ಟಡವೇ ಕುಸಿದುಬಿತ್ತು. ಪಕ್ಕದಲ್ಲಿ ಮೆಟ್ರೋ ಸುರಂಗದ ಕೆಲಸ ನಡೆಯುತ್ತಿತ್ತು. ಅಕ್ಕಪಕ್ಕದ ಮನೆಗಳಲ್ಲಿದ್ದ ಇಬ್ಬರು ಸತ್ತರು. ಸಾವಿರ ವರ್ಷದ ಕಾಗದಗಳು ಮಣ್ಣು ನೀರಲ್ಲಿ ಕಲೆಸಿಹೋದವು. ಹೆಚ್ಚಿನ ಪಾಲು ಹೊರಗೆ ತೆಗೆದರು, ಆದರೆ ಒರೆಸಿ ಜೋಡಿಸುವ ಕೆಲಸ ದಶಕಗಳದ್ದು. ‘ಗ್ರಂಥಾಲಯಕ್ಕೆ ಕೊಟ್ಟರೆ ಭದ್ರ’ ಅಂತ ನಾನು ಹೇಳುವಾಗೆಲ್ಲ ಇದು ನೆನಪಾಗುತ್ತೆ. ಭದ್ರ ಹೌದು, ಅಟ್ಟಕ್ಕಿಂತ ಭದ್ರ. ಅಷ್ಟೇ.

ಅಟ್ಟ, ಖಾಲಿ ಬೆನ್ನು, ಇವೆಲ್ಲ ಅದೃಷ್ಟದ ಮಾತಾಯಿತು. ಬೇಕು ಅಂತಲೇ ಉಳಿಸಿದವರೂ ಇದ್ದಾರೆ. ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋಹೆ 1938ರಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದಾಗ ಆಫೀಸಿನ ಡ್ರಾಯಿಂಗ್‌ಗಳು ಬರ್ಲಿನ್‌ನಲ್ಲೇ ಉಳಿದವು. ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದ ವಿನ್ಯಾಸಕಿ ಲಿಲಿ ರೈಖ್ ಅವನ್ನು ನೋಡಿಕೊಳ್ಳುತ್ತಿದ್ದರು. ಬಾಂಬು ಬೀಳತೊಡಗಿದಾಗ ಆಕೆ ಮೀಸ್ ಅವರ ಸುಮಾರು 3,000 ಡ್ರಾಯಿಂಗ್, ತಮ್ಮವು ಸುಮಾರು 900, ಎಲ್ಲ ಪೆಟ್ಟಿಗೆಗೆ ತುಂಬಿ ಹಳೆಯ ವಿದ್ಯಾರ್ಥಿಯೊಬ್ಬರ ಹೆತ್ತವರ ಮನೆಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಆ ಊರು ಪೂರ್ವ ಜರ್ಮನಿಗೆ ಸೇರಿತು. ರೈಖ್ 1947ರಲ್ಲಿ ತೀರಿಕೊಂಡರು. ಪೆಟ್ಟಿಗೆಗಳು ಹೊರಬಂದದ್ದು 1960ರ ದಶಕದಲ್ಲಿ. ಈಗ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿವೆ. ಮೀಸ್ ಅವರ ಯುರೋಪಿನ ಕೆಲಸದ ಬಗ್ಗೆ ಇವತ್ತು ಯಾರೇ ಬರೆದರೂ ಆ ಪೆಟ್ಟಿಗೆಗಳ ಋಣದಲ್ಲಿ ಬರೆಯುತ್ತಾರೆ. ರೈಖ್ ಹೆಸರು ಮಾತ್ರ ಬಹಳ ಕಾಲ ಅಡಿಟಿಪ್ಪಣಿಯಲ್ಲೇ ಉಳಿಯಿತು. ಈಗ ಆಕೆಯ ಬಗ್ಗೆ ಬರೆಯುವವರಿಗೂ ಆಧಾರ ಅದೇ ಪೆಟ್ಟಿಗೆಗಳಲ್ಲಿದ್ದ ಆ 900 ಹಾಳೆ.

ಇನ್ನೊಂದು, ನನಗೆ ತುಂಬಾ ಇಷ್ಟವಾದದ್ದು. ಪಾಲ್ ವಿಲಿಯಮ್ಸ್ ಅಂತ ಲಾಸ್ ಏಂಜಲೀಸ್‌ನ ಆರ್ಕಿಟೆಕ್ಟ್. ಕಪ್ಪು ಜನಾಂಗದವರು. ಬಿಳಿಯ ಗ್ರಾಹಕರು ಪಕ್ಕದಲ್ಲಿ ಕೂರಲು ಹಿಂಜರಿಯುತ್ತಿದ್ದರು. ಅದಕ್ಕೆ ಅವರು ಮೇಜಿನ ಈಚೆ ಕೂತು, ಆಚೆ ಕೂತವರಿಗೆ ನೇರವಾಗಿ ಕಾಣುವಂತೆ ತಲೆಕೆಳಗಾಗಿ ಚಿತ್ರ ಬಿಡಿಸುವುದನ್ನು ಕಲಿತರು. 1992ರ ಗಲಭೆಯಲ್ಲಿ ಅಲ್ಲಿನ ಒಂದು ಬ್ಯಾಂಕ್ ಕಟ್ಟಡ ಸುಟ್ಟುಹೋಯಿತು. ಅವರ ಆಫೀಸಿನ ಕೆಲವು ದಾಖಲೆಗಳು ಅದರಲ್ಲಿದ್ದವು. ಎಲ್ಲವೂ ಬೂದಿಯಾಯಿತು ಅಂತಲೇ ಬಹಳ ಜನ ವರ್ಷಗಟ್ಟಲೆ ನಂಬಿದ್ದರು. ಡ್ರಾಯಿಂಗ್‌ಗಳು ಬೇರೆ ಕಡೆ ಇದ್ದವು, ಮೊಮ್ಮಗಳು ಜೋಪಾನವಾಗಿ ಇಟ್ಟುಕೊಂಡಿದ್ದರು. 2020ರಲ್ಲಿ ಗೆಟ್ಟಿ ಸಂಶೋಧನಾ ಸಂಸ್ಥೆ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಅವನ್ನು ತೆಗೆದುಕೊಂಡವು. ಸುಮಾರು 35,000 ಪ್ಲ್ಯಾನ್‌ಗಳು. ಲೆಕ್ಕ ಹಾಕಿ ನೋಡಿ, ಒಬ್ಬ ಮೊಮ್ಮಗಳಿಗೆ ಎಷ್ಟು ಸಲ ಯಾರು ಯಾರು ‘ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀರಿ’ ಅಂತ ಕೇಳಿರಬಹುದು!

ನೋಡಿ, ಈ ಎಲ್ಲ ಕಡೆ ತೀರ್ಮಾನ ಆಗಿದ್ದು ಗ್ರಂಥಾಲಯದಲ್ಲಲ್ಲ. ನಾವು ಬರುವುದು ಕೊನೆಗೆ. ಯಾವುದು ಉಳಿಯಬೇಕು ಅಂತ ತೀರ್ಮಾನಿಸುವವರು ಹೆಂಡತಿ, ಮಗ, ಮೊಮ್ಮಗಳು, ಆಫೀಸಿನ ಹಳೆಯ ಡ್ರಾಫ್ಟ್ಸ್‌ಮನ್, ಬಾಡಿಗೆ ಕೇಳುವ ಕಟ್ಟಡದ ಮಾಲೀಕ. ಅದೂ ಒಂದು ವಾರದೊಳಗೆ, ಅಳುತ್ತಾ, ಸುಸ್ತಾಗಿ. ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್ 1974ರಲ್ಲಿ ಅಹಮದಾಬಾದಿನಿಂದ ವಾಪಸ್ ಹೋಗುವಾಗ ನ್ಯೂಯಾರ್ಕ್ ರೈಲು ನಿಲ್ದಾಣದಲ್ಲಿ ಕುಸಿದು ತೀರಿಕೊಂಡರಲ್ಲ, ಆಗ ಅವರ ಆಫೀಸು ಸಾಲದಲ್ಲಿ ಮುಳುಗಿತ್ತು. ಡ್ರಾಯಿಂಗ್‌ಗಳು ಸಾಲಕ್ಕೆ ಹರಾಜಾಗಿ ಒಂದೊಂದು ಹಾಳೆ ಒಂದೊಂದು ಮನೆಗೆ ಹೋಗುವ ಅಪಾಯವಿತ್ತು. ಪೆನ್ಸಿಲ್ವೇನಿಯಾ ರಾಜ್ಯ ಸರ್ಕಾರವೇ ಇಡಿಯಾಗಿ ಕೊಂಡು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಶಕ್ಕೆ ಕೊಟ್ಟಿತು. ಇಡಿಯಾಗಿ ಅನ್ನುವ ಮಾತನ್ನು ದಯವಿಟ್ಟು ನೆನಪಿಡಿ, ಮತ್ತೆ ಅಲ್ಲಿಗೇ ಬರ್ತೀನಿ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಆರ್ಕಿಟೆಕ್ಟರ ಹದಿನೆಂಟು ಪೆಟ್ಟಿಗೆ ಬಂದಿದ್ದವು. ಒಳಗೆಲ್ಲ ಗೊಂದಲ. ಒಂದು ಶಾಲೆಯ ಪ್ಲ್ಯಾನಿನ ಜೊತೆ ಕುರ್ಚಿಯ ಸ್ಕೆಚ್ಚು, ಅದರ ಜೊತೆ ಯಾರದೋ ಮದುವೆ ಕರೆಯೋಲೆ, ಒಂದು ಟೈಲ್ಸಿನ ಚೂರು, ಎಲ್ಲ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ್ದರು. ನಾನು ಭಾರಿ ಉತ್ಸಾಹದಲ್ಲಿ ಎಲ್ಲ ಬಿಚ್ಚಿದೆ. ಡ್ರಾಯಿಂಗ್ ಒಂದು ಕಡೆ, ಕಾಗದ ಒಂದು ಕಡೆ, ‘ವೈಯಕ್ತಿಕ’ ಅಂತ ಒಂದು ಡಬ್ಬ. ಮೂರು ವಾರದಲ್ಲಿ ಎಲ್ಲ ಲಕ್ಷಣವಾಯಿತು. ಎರಡು ವರ್ಷ ಆದಮೇಲೆ ಒಬ್ಬ ಸಂಶೋಧಕಿ ಬಂದರು. ಕುರ್ಚಿಯ ಸ್ಕೆಚ್ಚು ನೋಡಿ, ‘ಇದು ಯಾವ ಕಟ್ಟಡಕ್ಕೆ ಮಾಡಿದ್ದು?’ ಅಂದರು. ಸ್ಕೆಚ್ಚಿನ ಮೇಲೆ ತಾರೀಖಿಲ್ಲ, ಹೆಸರಿಲ್ಲ. ಅದಕ್ಕೆ ಇದ್ದ ಉತ್ತರ ಆ ರಬ್ಬರ್ ಬ್ಯಾಂಡ್ ಒಂದೇ. ಅದನ್ನು ನಾನೇ ಬಿಚ್ಚಿ ಬಿಸಾಕಿದ್ದೆ. ಕರೆಯೋಲೆಯಲ್ಲಿ ತಾರೀಖು ಇತ್ತು, ಶಾಲೆಯ ಪ್ಲ್ಯಾನಿನಲ್ಲಿ ಹೆಸರು ಇತ್ತು. ಮೂರೂ ಒಟ್ಟಿಗೆ ಇದ್ದಿದ್ದರೆ ಸ್ಕೆಚ್ಚು ತಾನೇ ಮಾತಾಡುತ್ತಿತ್ತು.

ನಮ್ಮ ಕಸುಬಿನಲ್ಲಿ ಇದಕ್ಕೆ ಮೂಲ ಕ್ರಮ ಅನ್ನುತ್ತಾರೆ. ಬರೆದವರು ಹೇಗಿಟ್ಟಿದ್ದರೋ ಹಾಗೇ ಇಡಿ, ಬೇರೆಯವರ ಕಾಗದದ ಜೊತೆ ಬೆರೆಸಬೇಡಿ. ತರಗತಿಯಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ಅಲ್ಲಿ ಅದು ಸುಮ್ನೆ ಒಂದು ನಿಯಮದ ಹಾಗೆ ಕೇಳಿಸುತ್ತೆ. ಗ್ರಂಥಾಲಯದವರಾದ ನಮಗೆ ಇದು ಕಷ್ಟ ಕೂಡ. ಪುಸ್ತಕ ವಿಷಯವಾರು ಜೋಡಿಸಿ ಅಭ್ಯಾಸವಾದ ಕೈ. ಎದುರಿಗೆ ಗೊಂದಲ ಕಂಡರೆ ಕೈ ಸುಮ್ಮನಿರುವುದಿಲ್ಲ. ಆಮೇಲಿಂದ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪೆಟ್ಟಿಗೆ ಮುಟ್ಟುವ ಮೊದಲು ಫೋಟೋ. ಮುಚ್ಚಳ ತೆಗೆದು ಫೋಟೋ. ಕಟ್ಟು ಬಿಚ್ಚುವ ಮೊದಲು ಮತ್ತೆ ಫೋಟೋ. ಆಫೀಸು ಖಾಲಿ ಮಾಡುವ ಮುನ್ನ ನಮ್ಮನ್ನು ಕರೆದರೆ ಮೇಜು, ಕಪಾಟು, ಗೋಡೆಗೆ ಪಿನ್ ಹೊಡೆದ ಚೀಟಿ, ಎಲ್ಲವನ್ನೂ ಇದ್ದಲ್ಲೇ ಫೋಟೋ ತೆಗೆಯುತ್ತೇವೆ. ಅರ್ಧ ದಿನದ ಕೆಲಸ. ಅದಕ್ಕಿಂತ ಬೆಲೆಬಾಳುವ ಅರ್ಧ ದಿನ ಈ ಕೆಲಸದಲ್ಲಿ ಇಲ್ಲ.

ಚೀಟಿ ಅಂದರೆ ರೇ ಈಮ್ಸ್ ನೆನಪಾಗುತ್ತಾರೆ. ಚಾರ್ಲ್ಸ್ ಮತ್ತು ರೇ ಈಮ್ಸ್, ಗಂಡ ಹೆಂಡತಿ, ಕುರ್ಚಿಗಳಿಗೆ ಹೆಸರಾದವರು. ಚಾರ್ಲ್ಸ್ ತೀರಿಕೊಂಡದ್ದು 1978ರ ಆಗಸ್ಟ್ 21. ರೇ ತೀರಿಕೊಂಡದ್ದು 1988ರ ಆಗಸ್ಟ್ 21, ಸರಿಯಾಗಿ ಹತ್ತು ವರ್ಷಕ್ಕೆ. ನಡುವಿನ ವರ್ಷಗಳಲ್ಲಿ ಆಕೆ ಆಫೀಸಿನ ಫೋಟೋ, ಕಾಗದ, ಚಿತ್ರಗಳನ್ನೆಲ್ಲ ವಿಂಗಡಿಸುತ್ತಾ ಕೂತರು. ಈಗ ಅವು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಸುಮಾರು ಹತ್ತು ಲಕ್ಷ ವಸ್ತುಗಳು. ಆಕೆ ಸಿಕ್ಕ ಸಿಕ್ಕ ತುಂಡು ಕಾಗದದ ಮೇಲೆಲ್ಲ ಬರೆಯುವವರು. ಆ ತುಂಡುಗಳೂ ಅಲ್ಲೇ ಇವೆ. ‘ಇದು ಅಂಗಡಿ ಸಾಮಾನಿನ ಪಟ್ಟಿ, ಇದು ವಿನ್ಯಾಸದ ಟಿಪ್ಪಣಿ’ ಅಂತ ಅವನ್ನು ಬೇರೆ ಮಾಡೋಕೆ ಹೋದರೆ ಸೋಲುತ್ತೀರಿ. ಎರಡೂ ಒಂದೇ ಚೀಟಿಯಲ್ಲಿ ಇರುತ್ತವೆ.

ಸರಿ, ಕಾಗದಗಳು ಬಂದವು. ಈಗ ಅವು ಹೇಗೆ ಸಾಯುತ್ತವೆ ಅಂತ ಹೇಳುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇದು ಈಗಲೇ ನಡೀತಾ ಇದೆ.

ಒಂದು ಟ್ರೇಸಿಂಗ್ ಸುರುಳಿ ತೆಗೆದುಕೊಳ್ಳಿ. ನಲವತ್ತು ವರ್ಷ ಬೀರುವಿನ ಮೇಲೆ ಇದ್ದದ್ದು. ಮೇಲಿನ ರಬ್ಬರ್ ಬ್ಯಾಂಡ್ ಮೊದಲು ಕರಗಿ ಅಂಟಾಗಿ, ಆಮೇಲೆ ಒಣಗಿ ಗಟ್ಟಿಯಾಗಿ ಹಾಳೆಗೇ ಕೂತಿದೆ. ಎಳೆದರೆ ಹಾಳೆಯೂ ಬರುತ್ತೆ. ಹೊರ ಅಂಚು ಕಂದು, ಒಳಗೆ ಹೋದಷ್ಟೂ ಬಿಳಿ. ಸುರುಳಿಯನ್ನು ಮೇಜಿನ ಮೇಲಿಟ್ಟು ಎರಡು ಕೈಯಲ್ಲಿ ಅಗಲ ಮಾಡಲು ಹೋಗಿ, ‘ಚರ್’ ಅಂತ ಶಬ್ದ ಬರುತ್ತೆ. ಆ ಶಬ್ದ ಕೇಳಿದ ಮೇಲೆ ಏನು ಮಾಡಿದರೂ ಪ್ರಯೋಜನ ಇಲ್ಲ. ಹಳೆಯ ಟ್ರೇಸಿಂಗ್ ಪೇಪರ್ ಪಾರದರ್ಶಕ ಆಗಲಿ ಅಂತ ಎಣ್ಣೆಯೋ ರಾಳವೋ ಕುಡಿಸುತ್ತಿದ್ದರು. ಅದೇ ಕಾಲ ಕಳೆದಂತೆ ಹಾಳೆಯನ್ನು ಹಳದಿ ಮಾಡಿ ಒಣಗಿದ ಎಲೆಯ ಹಾಗೆ ಮುರಿಯುವಂತೆ ಮಾಡುತ್ತದೆ. ನಾವು ಮಾಡುವುದು ಇಷ್ಟೇ. ಮುಚ್ಚಿದ ಡಬ್ಬದಲ್ಲಿ ನೀರು ತಾಗದಂತೆ ಬರೀ ತೇವದ ಗಾಳಿಯಲ್ಲಿ ಸುರುಳಿ ಇಡುತ್ತೇವೆ. ಕೆಲವು ಗಂಟೆಯಲ್ಲಿ ಹಾಳೆ ತಾನಾಗಿ ಮೈ ಸಡಿಲ ಬಿಡುತ್ತೆ. ಆಮೇಲೆ ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರುತ್ತೇವೆ. ಮಸಿ ನೀರಿಗೆ ಕದಡುವಂಥದ್ದಾದರೆ ಇದನ್ನೂ ಮಾಡುವ ಹಾಗಿಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಹೊರಟವರನ್ನು ನೋಡಿದ್ದೇನೆ. ಬೇಡಿ.

ಟ್ರೇಸಿಂಗ್ ಬಟ್ಟೆ ಅಂತ ಒಂದಿತ್ತು, ನಿಮ್ಮಲ್ಲಿ ಹಿರಿಯರು ನೋಡಿರಬಹುದು. ನಯವಾದ ಬಟ್ಟೆಗೆ ಗಂಜಿ ಹಾಕಿ ಉಜ್ಜಿ ಹೊಳಪು ಬರಿಸಿದ್ದು. ಬಹಳ ಗಟ್ಟಿ, ನೂರು ವರ್ಷ ಆದರೂ ಹರಿಯುವುದಿಲ್ಲ. ಆದರೆ ಒಂದು ಹನಿ ನೀರು ಬಿದ್ದರೆ ಗಂಜಿ ಕರಗಿ ಅಲ್ಲಿ ಬಿಳಿ ಮಚ್ಚೆ. ಬೇಡವಾದ ಡ್ರಾಯಿಂಗನ್ನು ಒಗೆದು ಗಂಜಿ ಬಿಡಿಸಿ ಕರವಸ್ತ್ರ ಮಾಡಿಕೊಳ್ಳುತ್ತಿದ್ದರಂತೆ. ಎಷ್ಟು ಕಟ್ಟಡಗಳು ಹಾಗೆ ಯಾರ ಯಾರ ಜೇಬಿಗೆ ಹೋದವೋ!

ನೀಲಿನಕ್ಷೆಯ ಗುಣ ಬೇರೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ, ಕಬ್ಬಿಣದ ಲವಣ ಬೆಳಕಿಗೆ ನೀಲಿಯಾಗುವುದು. ಬೆಳಕಿನಲ್ಲಿಟ್ಟರೆ ಬಣ್ಣ ಮಾಸುತ್ತೆ. ಕತ್ತಲಲ್ಲಿ ವಿಶ್ರಾಂತಿ ಕೊಟ್ಟರೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತೆ, ಜ್ವರ ಬಿಟ್ಟವರ ಹಾಗೆ. ಆದರೆ ಕ್ಷಾರ ಇದಕ್ಕೆ ಶತ್ರು. ಹಳೆಯ ಕಾಗದ ಉಳಿಯಲಿ ಅಂತ ಸುಣ್ಣದಂಶ ಸೇರಿಸಿದ ದುಬಾರಿ ಫೋಲ್ಡರ್ ಸಿಗುತ್ತೆ. ಮಿಕ್ಕ ಬಹುಪಾಲು ಕಾಗದಕ್ಕೆ ಅದು ಔಷಧ, ನೀಲಿನಕ್ಷೆಗೆ ವಿಷ. ಒಳ್ಳೆಯದು ಮಾಡಲು ಹೋಗಿ ಕೆಡಿಸುವುದು ಅಂದರೆ ಇದೇ.

ಇನ್ನು ಅಮೋನಿಯಾ ಪ್ರಿಂಟು, ಅಂದರೆ ಅಮೋನಿಯಾ ಹಬೆಯಲ್ಲಿ ತೆಗೆಯುತ್ತಿದ್ದ ಡ್ರಾಯಿಂಗಿನ ನಕಲು. ಆ ಘಾಟು ವಾಸನೆ ನೆನಪಿದೆಯಾ? ಡೈಯಾಜೋ ಅನ್ನುತ್ತಾರೆ. ಅದು ಪೂರ್ತಿ ಆರುವುದೇ ಇಲ್ಲ. ವರ್ಷಗಟ್ಟಲೆ ಅದರೊಳಗಿನ ರಾಸಾಯನಿಕ ಹೊರಬರುತ್ತಾ ಪಕ್ಕದ ಹಾಳೆಗೂ ಕಲೆ ಹಚ್ಚುತ್ತೆ. ಅದನ್ನು ಪ್ರತ್ಯೇಕ ಇಡಬೇಕು. ಈಗ ನೀವು ಕೇಳಬಹುದು, ‘ಇದ್ದ ಹಾಗೇ ಇಡಿ ಅಂದ್ರಿ, ಈಗ ಬೇರೆ ಮಾಡಿ ಅಂತೀರಿ!’ ಒಪ್ಪುತ್ತೇನೆ. ಬೇರೆ ಮಾಡಿ, ಆದರೆ ತೆಗೆದ ಜಾಗದಲ್ಲಿ ಒಂದು ಚೀಟಿ ಇಡಿ, ‘ಇಲ್ಲಿದ್ದ ಪ್ರಿಂಟು ಇಂಥ ಡ್ರಾಯರಿನಲ್ಲಿದೆ’ ಅಂತ. ರಬ್ಬರ್ ಬ್ಯಾಂಡ್ ತೆಗೆಯಲೇಬೇಕು, ಆದರೆ ಅದು ಹೇಳುತ್ತಿದ್ದ ಮಾತು ಉಳಿಯಬೇಕು. ಸೆಲ್ಲೋಟೇಪಿನ ಬಗ್ಗೆ ಏನೂ ಹೇಳುವುದಿಲ್ಲ. ಹೇಳಲು ಹೊರಟರೆ ಬಾಯಿ ಕೆಡುತ್ತೆ.

ಮಾದರಿಗಳನ್ನು, ಅಂದರೆ ಮಾಡೆಲ್‌ಗಳನ್ನು, ಗ್ರಂಥಾಲಯಗಳು ತೆಗೆದುಕೊಳ್ಳಲು ಹಿಂದೆ ಮುಂದೆ ನೋಡುತ್ತವೆ. ಜಾಗ ತಿನ್ನುತ್ತವೆ, ಥರ್ಮೋಕೋಲು ಉದುರುತ್ತೆ, ಅಂಟು ಬಿಡುತ್ತೆ. ನಾನೂ ಕೆಲವನ್ನು ಬೇಡ ಅಂದಿದ್ದೇನೆ. ಹಾಗೆ ಬೇಡ ಅಂದ ರಾತ್ರಿ ಸ್ಪೇನ್‌ನ ಆರ್ಕಿಟೆಕ್ಟ್ ಗೌಡಿ ನೆನಪಾಗುತ್ತಾರೆ. 1936ರಲ್ಲಿ ಸ್ಪೇನ್‌ನ ಅಂತರ್ಯುದ್ಧ ಶುರುವಾದಾಗ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿನ ಕಾರ್ಯಾಗಾರಕ್ಕೆ ಬೆಂಕಿ ಇಟ್ಟರು. ಅದರ ವಿನ್ಯಾಸ ಮಾಡಿದ ಗೌಡಿ ಆಗಲೇ ಹತ್ತು ವರ್ಷದ ಹಿಂದೆ ತೀರಿಕೊಂಡಿದ್ದರು. ಡ್ರಾಯಿಂಗ್‌ಗಳು ಸುಟ್ಟವು, ಪ್ಲಾಸ್ಟರ್ ಮಾದರಿಗಳನ್ನು ಒಡೆದು ಚೂರು ಮಾಡಿದರು. ಅವರ ಶಿಷ್ಯರು ಚೂರುಗಳನ್ನು ಆಯ್ದಿಟ್ಟುಕೊಂಡರು, ಆಮೇಲೆ ಒಂದಕ್ಕೊಂದು ಕೂಡಿಸಿ ನೋಡಿದರು. ಚರ್ಚಿನ ಮುಂದಿನ ಕೆಲಸಕ್ಕೆ ದಾರಿ ತೋರಿಸಿದ್ದರಲ್ಲಿ ಆ ಚೂರುಗಳ ಪಾಲು ದೊಡ್ಡದು.

ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ಇದನ್ನು ಹೇಳಿದರೆ ಕುಟುಂಬದವರಿಗೆ ಬೇಸರ. ಒಂದು ದೊಡ್ಡ ಆಸ್ಪತ್ರೆ ಕಟ್ಟಡಕ್ಕೆ ಸಾವಿರಾರು ಹಾಳೆ ಇರುತ್ತೆ. ಒಂದೇ ಪ್ಲ್ಯಾನಿನ ಹನ್ನೆರಡು ಪ್ರಿಂಟು, ಲಿಫ್ಟ್ ಕಂಪನಿಯ ಕ್ಯಾಟಲಾಗು, ಐದು ವರ್ಷದ ಹಾಜರಿ ಪುಸ್ತಕ. ಹನ್ನೆರಡರಲ್ಲಿ ಹನ್ನೊಂದನ್ನು ಬಿಡುತ್ತೇವೆ. ಆದರೆ ಆ ಹನ್ನೆರಡನ್ನೂ ತಿರುಗಿಸಿ ನೋಡಿದ ಮೇಲೆ. ಏಳನೇ ಪ್ರಿಂಟಿನ ಅಂಚಿನಲ್ಲಿ ಸೈಟಿನಲ್ಲಿ ನಿಂತು ಕೆಂಪು ಪೆನ್ಸಿಲಿನಲ್ಲಿ ಬರೆದ ತಿದ್ದುಪಡಿ ಇದ್ದರೆ ಉಳಿಯುವುದು ಅದೇ ಏಳನೆಯದು. ಕಟ್ಟಿದ್ದು ಆ ಪ್ರಕಾರ, ಮೂಲದ ಪ್ರಕಾರ ಅಲ್ಲ. ಐವತ್ತು ವರ್ಷ ಆದಮೇಲೆ ಗೋಡೆ ಸೋರಿದಾಗ ರಿಪೇರಿಗೆ ಬಂದವರಿಗೆ ಬೇಕಾಗುವುದು ಆ ಕೆಂಪು ಗೀಟು.

ಯಾರ ಕಾಗದ ಉಳಿಯುತ್ತೆ ಅನ್ನುವುದರಲ್ಲೂ ನ್ಯಾಯ ಇಲ್ಲ. ಐಲೀನ್ ಗ್ರೇ ಅಂತ ಐರ್ಲೆಂಡಿನ ವಿನ್ಯಾಸಕಿ. ಫ್ರಾನ್ಸಿನ ಸಮುದ್ರದ ದಂಡೆಯಲ್ಲಿ 1929ರಲ್ಲಿ ಮುಗಿಸಿದ ಅವರ ಮನೆಯನ್ನು ಬಹಳ ಕಾಲ ಬೇರೆಯವರ ಹೆಸರಿಗೆ ಹಾಕುತ್ತಿದ್ದರು. ಆಕೆ ವಯಸ್ಸಾದ ಮೇಲೆ ತನ್ನ ಖಾಸಗಿ ಕಾಗದಗಳನ್ನು ಬಹುಪಾಲು ನಾಶ ಮಾಡಿಬಿಟ್ಟರು. ಅದು ಅವರ ಹಕ್ಕು, ನಾನು ತಪ್ಪು ಅನ್ನುವುದಿಲ್ಲ. ಆದರೆ ಯಾವ ಗೆರೆ ಯಾರದ್ದು ಅಂತ ಹುಡುಕುವವರಿಗೆ ಕೆಲಸ ಎಷ್ಟು ಕಷ್ಟವಾಯಿತು ನೋಡಿ. 1985ರಲ್ಲಿ ಮಿಲ್ಕಾ ಬ್ಲಿಜ್ನಾಕೊವ್ ಅನ್ನುವ ಪ್ರಾಧ್ಯಾಪಕಿ ವರ್ಜೀನಿಯಾ ಟೆಕ್‌ನಲ್ಲಿ ಮಹಿಳಾ ಆರ್ಕಿಟೆಕ್ಟರ ಕಾಗದಗಳಿಗಾಗಿಯೇ ಒಂದು ಸಂಗ್ರಹ ಶುರು ಮಾಡಿದ್ದು ಇದಕ್ಕೇ. ಯಾರೂ ಕೇಳದಿದ್ದರೆ ಯಾರೂ ಕೊಡುವುದಿಲ್ಲ. ‘ನನ್ನದೇನಿದೆ, ಎಲ್ಲ ನಮ್ಮನೆಯವರು ಮಾಡಿದ್ದು’ ಅಂದವರ ಕೈಬರಹವನ್ನೇ ಆಫೀಸಿನ ಅರ್ಧ ಡ್ರಾಯಿಂಗ್‌ಗಳ ಮೇಲೆ ನಾನು ನೋಡಿದ್ದೇನೆ.

ಇಡಿಯಾಗಿ ಅನ್ನುವ ಮಾತಿಗೆ ಬರ್ತೀನಿ ಅಂದಿದ್ದೆ. ಅಮೆರಿಕದ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಅವರ ಸಂಗ್ರಹ 2012ರಲ್ಲಿ ಎರಡು ಸಂಸ್ಥೆಗೆ ಸೇರಿತು. ಮಾದರಿಗಳು ಮಾಡರ್ನ್ ಆರ್ಟ್ ಮ್ಯೂಸಿಯಂಗೆ, ಸುಮಾರು 23,000 ಡ್ರಾಯಿಂಗ್ ಮತ್ತು ಕಾಗದಪತ್ರ ಕೊಲಂಬಿಯಾ ವಿಶ್ವವಿದ್ಯಾಲಯದ ಏವರಿ ಗ್ರಂಥಾಲಯಕ್ಕೆ. ಅಂದಹಾಗೆ ಆ ಗ್ರಂಥಾಲಯ ಹುಟ್ಟಿದ್ದೇ ಹೀಗೆ. 1890ರಲ್ಲಿ ಒಬ್ಬ ತಂದೆ ತಾಯಿ, ಎಳೆಯ ವಯಸ್ಸಿಗೇ ತೀರಿಹೋದ ಆರ್ಕಿಟೆಕ್ಟ್ ಮಗನ ಪುಸ್ತಕ, ಡ್ರಾಯಿಂಗ್‌ಗಳನ್ನು ಅವನ ನೆನಪಿಗೆ ಕೊಟ್ಟರು. ರೈಟ್ ಸಂಗ್ರಹ ಎರಡಾದರೂ ಒಂದೇ ಊರಿನಲ್ಲಿದೆ, ಒಂದೇ ಒಪ್ಪಂದದಲ್ಲಿದೆ. ಪೋರ್ಚುಗಲ್‌ನ ಆರ್ಕಿಟೆಕ್ಟ್ ಅಲ್ವಾರೊ ಸೀಜಾ 2014ರಲ್ಲಿ ತಮ್ಮದನ್ನು ಮೂರು ಪಾಲು ಮಾಡಿ, ಎರಡನ್ನು ಪೋರ್ಚುಗಲ್‌ನ ಸಂಸ್ಥೆಗಳಿಗೆ, ಒಂದನ್ನು ಕೆನಡಾದ ಮಾಂಟ್ರಿಯಲ್‌ಗೆ ಕೊಟ್ಟರು. ನಮ್ಮ ದೇಶದ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ 6,000ಕ್ಕೂ ಹೆಚ್ಚು ಡ್ರಾಯಿಂಗ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಬ್ರಿಟಿಷ್ ಆರ್ಕಿಟೆಕ್ಟ್ಸ್‌ಗೆ ಹೋದವು. ಬ್ರೆಜಿಲ್‌ನ ಪಾಲೊ ಮೆಂಡೆಸ್ ಡ ರೋಶಾ 2020ರಲ್ಲಿ ತಮ್ಮ ಸಂಗ್ರಹವನ್ನು ಪೋರ್ಚುಗಲ್‌ಗೆ ಕೊಟ್ಟಾಗ ಅವರ ದೇಶದಲ್ಲಿ ದೊಡ್ಡ ಗಲಾಟೆಯೇ ಆಯಿತು. ಕಟ್ಟಡ ಇರುವ ಕಡೆಯೇ ಕಾಗದ ಇರಬೇಕು ಅನ್ನುವುದು ನನ್ನ ಮನಸ್ಸು. ಆದರೆ ಸೋರುವ ಛಾವಣಿಯ ಕೆಳಗೆ ಇರುವುದಕ್ಕಿಂತ ದೂರದ ಒಣ ಕೋಣೆಯಲ್ಲಿ ಇರಲಿ. ಇದನ್ನು ಒಪ್ಪದವರು ಈ ಸಭೆಯಲ್ಲೇ ಇದ್ದೀರಿ, ಗೊತ್ತು.

ಕೊಡುವಾಗ ಒಂದು ವಿಷಯ ಬರಹದಲ್ಲಿ ಇರಲಿ. ಹಾಳೆ ಕೊಟ್ಟರೆ ಹಕ್ಕುಸ್ವಾಮ್ಯ ಕೊಟ್ಟ ಹಾಗಲ್ಲ. ಅದನ್ನು ಬೇರೆಯಾಗಿ ಬರೆಯಬೇಕು. ಕಟ್ಟಿಸಿದವರ ಮನೆಜಗಳದ ಕಾಗದ, ಬ್ಯಾಂಕಿನ ತಿಜೋರಿ ಕೋಣೆಯ ಪ್ಲ್ಯಾನು, ಇಂಥದ್ದನ್ನು ಇಷ್ಟು ವರ್ಷ ಯಾರಿಗೂ ತೋರಿಸಬೇಡಿ ಅಂತ ಷರತ್ತು ಹಾಕಬಹುದು. ಷರತ್ತು ಹಾಕಿ, ಸುಡಬೇಡಿ.

ಕೊನೆಯದಾಗಿ ಕಂಪ್ಯೂಟರು. ಇಲ್ಲಿ ನಾವೆಲ್ಲ ಇನ್ನೂ ಕಲಿಯುವವರೇ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ತಂತ್ರಾಂಶ ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅಂದರೆ ಈಗ ತೀರಿಕೊಳ್ಳುತ್ತಿರುವ ಆರ್ಕಿಟೆಕ್ಟರ ಕೊನೆಯ ಮೂವತ್ತು ವರ್ಷದ ಕೆಲಸ ಫ್ಲಾಪಿ, ಸಿ.ಡಿ., ಹಾರ್ಡ್ ಡಿಸ್ಕ್‌ಗಳಲ್ಲಿ ಇದೆ. ಒಂದು ಚರ್ಮದ ಹಾಳೆ ಅಟ್ಟದಲ್ಲಿ ಕಾಳಿನಡಿ ಬಿದ್ದಿದ್ದರೂ ಉಳಿಯಿತು. ಫ್ಲಾಪಿ ಹಾಗೆ ಉಳಿಯಲ್ಲ. ಫೈಲು ತೆರೆದರೂ ಸಂಕಟ ಮುಗಿಯುವುದಿಲ್ಲ. ಒಮ್ಮೆ ಒಂದು ಪ್ಲ್ಯಾನ್ ತೆರೆದೆ. ಗೋಡೆಗಳು ಬಂದವು, ಅಕ್ಷರ ಇದ್ದ ಕಡೆಯೆಲ್ಲ ಪ್ರಶ್ನೆಚಿಹ್ನೆ. ಅವರು ಬಳಸಿದ್ದ ಫಾಂಟು ಫೈಲಿನ ಜೊತೆ ಬಂದಿರಲಿಲ್ಲ. ಕಂಬಗಳೇ ಇಲ್ಲ! ಕಂಬಗಳು ಇನ್ನೊಂದು ಫೈಲಿನಲ್ಲಿದ್ದವು, ಈ ಫೈಲು ಅದನ್ನು ಬರೀ ತೋರಿಸುತ್ತಿತ್ತು. ಆ ಇನ್ನೊಂದನ್ನು ಮಗ ‘ಡೂಪ್ಲಿಕೇಟ್’ ಅಂದುಕೊಂಡು ಅಳಿಸಿದ್ದ. ಅವನೂ ಪಾಪ ಚೊಕ್ಕಟ ಮಾಡಿದ್ದ. ಮಾಂಟ್ರಿಯಲ್‌ನ ಕೆನೇಡಿಯನ್ ಸೆಂಟರ್ ಫಾರ್ ಆರ್ಕಿಟೆಕ್ಚರ್ 2013ರ ಹೊತ್ತಿಗೆ ಇದರ ಬಗ್ಗೆ ದೊಡ್ಡ ಕೆಲಸ ಶುರು ಮಾಡಿತು. ಆರ್ಕಿಟೆಕ್ಟರಾದ ಫ್ರಾಂಕ್ ಗೆರಿ, ಪೀಟರ್ ಐಸನ್‌ಮನ್ ಅವರ ಕಂಪ್ಯೂಟರ್ ಕಾಲದ ಮೊದಲ ಯೋಜನೆಗಳನ್ನು ಅಗೆದು ತೆಗೆದು ಪ್ರದರ್ಶನ ಮಾಡಿತು. ಅಗೆದು ಅಂದೆ, ಅವರೇ ಆ ಯೋಜನೆಗೆ ಪುರಾತತ್ವದ ಹೆಸರು ಇಟ್ಟಿದ್ದರು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಹಾರ್ಡ್ ಡಿಸ್ಕನ್ನು ಇಡಿಯಾಗಿ ಇನ್ನೊಂದಕ್ಕೆ ನಕಲು ಮಾಡಿ, ಒಳಗೆ ಏನನ್ನೂ ಮುಟ್ಟಬೇಡಿ. ಮುಖ್ಯ ಡ್ರಾಯಿಂಗ್‌ಗಳನ್ನು ಪಿ.ಡಿ.ಎಫ್. ಕೂಡ ಮಾಡಿ ಇಡಿ. ಕಾಗದಗಳು ನೆಲದ ಮೇಲೆ ಬೇಡ, ಹೊರಗೋಡೆಗೆ ತಾಗಿ ಬೇಡ, ಸ್ನಾನದ ಮನೆಯ ಕೆಳಗಿನ ಕೋಣೆಯಲ್ಲಂತೂ ಬೇಡವೇ ಬೇಡ. ಸುರುಳಿಗಳನ್ನು ಬಿಚ್ಚಲು ಹೋಗಬೇಡಿ.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ‘ನೀವು ಹೇಳಿದವರೆಲ್ಲ ದೊಡ್ಡವರು. ನಾನು ನಲವತ್ತು ವರ್ಷ ಸಾಮಾನ್ಯ ಮನೆಗಳನ್ನು ಕಟ್ಟಿಸಿದ್ದೇನೆ. ನನ್ನ ಕಾಗದ ಯಾರಿಗೆ ಬೇಕು?’

ನಾನು ಅವರನ್ನು ವಾಪಸ್ ಕೇಳಿದೆ, ‘ನಿಮ್ಮ ಮೊದಲ ಮನೆಯ ಕಿಟಕಿಯ ಮೇಲಿನ ಚಜ್ಜಾ ಎಷ್ಟು ಹೊರಗೆ ಬಂದಿತ್ತು?’ ಅವರು ಯೋಚನೆ ಮಾಡದೆ, ‘ಎರಡೂಕಾಲು ಅಡಿ. ಮೇಸ್ತ್ರಿ ಎರಡು ಸಾಕು ಅಂದ, ನಾನು ಬಿಡಲಿಲ್ಲ’ ಅಂದರು. ಮೇಸ್ತ್ರಿಯ ಜೊತೆ ಆ ವಾದ ಎಲ್ಲಾದರೂ ಬರೆದಿದೆಯಾ ಅಂದೆ. ‘ಡೈರಿಯಲ್ಲಿ ಇರಬೇಕು’ ಅಂದರು. ಎಷ್ಟು ಡೈರಿ? ‘ಮೂವತ್ತೆಂಟು.’ ಸಭೆ ನಕ್ಕಿತು. ನಾನು ನಗಲಿಲ್ಲ, ಅವರ ವಿಳಾಸ ಬರೆದುಕೊಂಡೆ. ‘ಸ್ವಲ್ಪ ಸರಿಯಾಗಿ ಜೋಡಿಸಿ ಇಟ್ಟಿರ್ತೀನಿ’ ಅಂದರು. ಬೇಡ ಸರ್, ಇದ್ದಲ್ಲೇ ಇರಲಿ ಅಂದೆ. ಒಂದೊಂದು ಸುರುಳಿಯ ಹೊರಗೆ ಯಾರ ಮನೆ, ಯಾವ ವರ್ಷ ಅಂತ ಒಂದು ಚೀಟಿಯಲ್ಲಿ ಬರೆದು ದಾರದಿಂದ ಕಟ್ಟಿಡಿ, ಪೆನ್ನಿನಲ್ಲಿ ಬೇಡ, ಪೆನ್ಸಿಲಿನಲ್ಲಿ.